ಎದ್ದು ಎಲ್ಲಿಗೆ ಹೋಗಬೇಕು?

ಬಿದ್ದವರನ್ನು ಎಬ್ಬಿಸಿ ನಡೆಸುವುದನ್ನೇ ಓದಿ, ಅದನ್ನೇ ಹೊಟ್ಟೆಪಾಡು ಮಾಡಿಕೊಂಡವಳು ನಮ್ಮ ವಂಶದಲ್ಲಿ ನಾನೊಬ್ಬಳೇ. ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಮನೆಯವರು ಬೀದಿಗೆಲ್ಲ ಹೇಳಿದರು, ಹಾಲಿನವನಿಗೆ ಹೇಳಿದರು, ಎದುರುಮನೆಯವರ ಬೀಗರಿಗೂ ಹೇಳಿದರು. ಹೇಳದೆ ಬಿಟ್ಟದ್ದು ನನಗೊಬ್ಬಳಿಗೆ.

ಆಪರೇಷನ್ ಆಗಿ ಮೂರು ವಾರ ಕಳೆಯುವವರೆಗೂ ನನ್ನ ಕಿವಿಗೆ ಹೂವಿಟ್ಟಿದ್ದರು. ವಿಡಿಯೋ ಕಾಲ್ ಮಾಡಿದಾಗಲೆಲ್ಲ ದಿಂಬಿನ ಮೇಲೆ ಅಜ್ಜಿಯ ಮುಖ ಕಾಣುತ್ತಿತ್ತು, ಕುತ್ತಿಗೆಯಿಂದ ಕೆಳಕ್ಕೆ ಅಮ್ಮ ಫೋನನ್ನು ಇಳಿಸುತ್ತಲೇ ಇರಲಿಲ್ಲ. "ಸ್ವಲ್ಪ ನೆಗಡಿ ಕಣೇ, ಮಲಗಿದ್ದಾರೆ" ಎನ್ನುತ್ತಿದ್ದಳು. ಇದೆಂಥ ನೆಗಡಿಯಪ್ಪ, ಮೂಗೇ ಸೋರದ ನೆಗಡಿ ಎಂದು ಒಮ್ಮೆ ಅನ್ನಿಸಿದ್ದು ನಿಜ. ಆದರೆ ಹೊಸ ದೇಶ, ಹೊಸ ಕೆಲಸ, ನನ್ನ ತಲೆಯೇ ನನ್ನ ಕೈಯಲ್ಲಿ ಇರಲಿಲ್ಲ, ನಂಬಿಬಿಟ್ಟೆ.

ಒಂದು ದಿನ ಅಮ್ಮನ ಕೈಯಿಂದ ಫೋನ್ ಜಾರಿತು. ಜಾರುವಾಗ ಕೋಣೆಯ ಮೂಲೆ ಕಾಣಿಸಿತು. ಅಲ್ಲೊಂದು ವಾಕರ್ ನಿಂತಿತ್ತು. ನಾಲ್ಕು ಕಾಲಿನ ಅಲ್ಯೂಮಿನಿಯಂ ವಾಕರ್, ಹಿಡಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಕೂಡ ಬಿಚ್ಚಿರಲಿಲ್ಲ. ಅದರ ಮೇಲೆ ಟವಲ್ ಒಣಹಾಕಿದ್ದರು.

"ಅಮ್ಮಾ, ಆ ವಾಕರ್ ಯಾರದ್ದು?"

"ಯಾವ ವಾಕರ್?"

"ಟವಲ್ ಹಾಕಿದ್ದೀರಲ್ಲ, ಅದು."

ಅಮ್ಮ ಸ್ಕೂಲ್ ಟೀಚರು. ಮಕ್ಕಳ ಸುಳ್ಳನ್ನು ವರ್ಷಾನುಗಟ್ಟಲೆ ಹಿಡಿದು ಅಭ್ಯಾಸ, ತಾನೇ ಒಂದು ಸುಳ್ಳು ಹೇಳಬೇಕೆಂದರೆ ಮಾತ್ರ ನಾಲಿಗೆ ಹೊರಳುವುದಿಲ್ಲ. "ಅದು... ಟವಲ್ ಸ್ಟ್ಯಾಂಡು" ಎಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಕೂಗಿದ ಕೂಗಿಗೆ ದೊಡ್ಡಪ್ಪ ಬಂದು ಫೋನ್ ತೆಗೆದುಕೊಂಡರು. ಮನೆಯಲ್ಲಿ ಏನೇ ಆದರೂ ಕೊನೆಯ ಮಾತು ಅವರದ್ದು.

"ನೀನು ಅಲ್ಲಿ ಒಬ್ಬಳೇ ಇದ್ದೀಯಮ್ಮ. ಕೇಳಿ ಗಾಬರಿ ಆಗ್ತೀಯ, ಊಟ ನಿದ್ದೆ ಬಿಡ್ತೀಯ. ಅದಕ್ಕೇ ಹೇಳಲಿಲ್ಲ."

"ದೊಡ್ಡಪ್ಪ, ನಾನು ಫಿಸಿಯೋ! ನನ್ನ ಕೆಲಸಾನೇ ಇದು!"

"ಅದು ಬೇರೆಯವರಿಗೆ ಮಾಡೋದು. ಇವರು ಮನೆಯವರು."

ಇದಕ್ಕೆ ಏನು ಹೇಳುತ್ತೀರಿ? ಕೆದಕಿ ಕೆದಕಿ ಕೇಳಿದೆ. ಒಂದೊಂದಾಗಿ ಎಲ್ಲ ಹೊರಬಿತ್ತು. ಆಪರೇಷನ್ ಆದ ಮರುದಿನದಿಂದಲೇ ನಡೆಸಿ ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಮನೆಗೆ ಒಬ್ಬ ಫಿಸಿಯೋ ಕೂಡ ಬಂದಿದ್ದನಂತೆ. ಅವನು ಎಬ್ಬಿಸುವಾಗ ಅಜ್ಜಿ "ಅಯ್ಯಮ್ಮಾ" ಎಂದಳು ಎನ್ನುವ ಕಾರಣಕ್ಕೆ, ಮುದುಕಿಗೆ ಹಿಂಸೆ ಕೊಡುತ್ತಾನೆ ಎಂದು ದೊಡ್ಡಪ್ಪ ಅವನನ್ನು ಎರಡನೇ ದಿನವೇ ಸಾಗಹಾಕಿದ್ದರಂತೆ. ಆಮೇಲಿನಿಂದ ಅಜ್ಜಿಗೆ ಹಾಸಿಗೆಯಲ್ಲೇ ಕಾಫಿ, ಹಾಸಿಗೆಯಲ್ಲೇ ಊಟ, ಹಾಸಿಗೆಯಲ್ಲೇ ಎಲ್ಲ.

ಆ ವಯಸ್ಸಿನಲ್ಲಿ ಹಾಸಿಗೆ ಹಿಡಿದ ಒಂದೊಂದು ವಾರವೂ ಕಾಲಿನ ಶಕ್ತಿಯನ್ನು ತಿಂದುಹಾಕುತ್ತದೆ. ಇನ್ನೊಂದು ತಿಂಗಳು ಹೀಗೇ ಬಿಟ್ಟರೆ ಅವಳು ಮತ್ತೆ ಏಳುವುದೇ ಇಲ್ಲ ಎಂಬುದು ನನಗೆ ಗೊತ್ತಿತ್ತು. ಪಾಪ ಪಾಪ ಎನ್ನುತ್ತಲೇ ಅಪ್ಪ, ಅಮ್ಮ, ದೊಡ್ಡಪ್ಪ ಮೂವರೂ ಸೇರಿ ಅವಳ ಕಾಲನ್ನು ಮುಗಿಸುತ್ತಿದ್ದರು. ನಾನು ಕೆಲಸದಲ್ಲಿ ರಜೆ ಕೇಳಿದೆ. ಪ್ರೊಬೇಷನ್ ಮುಗಿಯುವವರೆಗೆ ರಜೆಯಿಲ್ಲ ಎಂದರು. ಹೋಗಲೇಬೇಕೆಂದರೆ ಹೋಗಬಹುದು, ವಾಪಸ್ ಬರುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ ಎಂದೂ ಸೇರಿಸಿದರು.

ನಾನು ಈ ದೇಶಕ್ಕೆ ಬಂದದ್ದು ಒಬ್ಬಳೇ ಇರಬೇಕೆಂದು. ಸುಳ್ಳೇಕೆ ಹೇಳಲಿ? ಸಂಬಳವೂ ಹೌದು, ಅನುಭವವೂ ಹೌದು, ಇಂಟರ್‌ವ್ಯೂನಲ್ಲಿ ಹೇಳುವ ಒಳ್ಳೊಳ್ಳೆ ಮಾತೆಲ್ಲವೂ ಹೌದು. ಆದರೆ ನಮ್ಮ ಮನೆಯಲ್ಲಿ ನೀರು ಕುಡಿಯಲು ಎದ್ದರೂ "ಎಲ್ಲಿಗೆ?" ಎಂದು ಮೂರು ಕಡೆಯಿಂದ ಕೇಳುತ್ತಾರೆ. ಅಪ್ಪ, ಅಮ್ಮ, ಅಜ್ಜಿ, ಮದುವೆಯಾಗದೆ ಉಳಿದ ದೊಡ್ಡಪ್ಪ, ಇಷ್ಟು ಜನರ ಪ್ರೀತಿ ನನ್ನೊಬ್ಬಳ ಮೇಲೆ. ನನ್ನ ಸೂಟ್‌ಕೇಸನ್ನು ನನ್ನ ಕೈಗೆ ಕೊಟ್ಟದ್ದೇ ಏರ್‌ಪೋರ್ಟಿನ ಬಾಗಿಲಲ್ಲಿ, ಅದೂ ಕಾವಲಿನವನು ಗದರಿದ ಮೇಲೆ. ಹೊರಡುವಾಗ ಅತ್ತು ರಂಪ ಮಾಡದವಳು ಅಜ್ಜಿ ಮಾತ್ರ. "ಹೋಗೇ ಮೆಣಸಿನಕಾಯಿ" ಎಂದಳು. ಚಿಕ್ಕಂದಿನಿಂದ ಅವಳು ನನ್ನನ್ನು ಕರೆಯುವುದೇ ಹಾಗೆ. "ಹೋಗಿ ನಿನ್ನ ಖಾರ ಸ್ವಲ್ಪ ಅವರಿಗೂ ತೋರಿಸು."

ಖಾರ ತೋರಿಸೋಣವೆಂದರೆ ಇಲ್ಲಿ ಯಾರಿದ್ದರು? ಮಂಚದ ಮೇಲೆ ಕೂತೇ ಕಿಟಕಿ, ಬೀರು, ಬಾಗಿಲು ಮೂರನ್ನೂ ಮುಟ್ಟಬಹುದಾದ ಕೋಣೆ. ಮನೆಯೊಡತಿ ಎದುರು ಸಿಕ್ಕರೆ ನಗುತ್ತಾಳೆ, ಹೇಳಬೇಕಾದ್ದನ್ನೆಲ್ಲ ಚೀಟಿ ಬರೆದು ಅಂಟಿಸುತ್ತಾಳೆ. ಬಾಗಿಲು ಮೆಲ್ಲಗೆ ಹಾಕಿ. ಸಿಂಕಿನಲ್ಲಿ ಅನ್ನದ ಅಗುಳು ಬಿಡಬೇಡಿ. ಫೋನಿನಲ್ಲಿ ಮೆಲ್ಲಗೆ ಮಾತಾಡಿ. ಮೂರನೆಯದು ಟವಲ್ ಸ್ಟ್ಯಾಂಡಿನ ಮರುದಿನ ಬಂತು. ಮೊದಲ ವಾರ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಎರಡನೇ ವಾರ ಜ್ವರ ಬಂದು ಮಲಗಿದೆ. ಬೆಳಗಿನಿಂದ ಸಂಜೆಯವರೆಗೆ ಯಾರೂ "ಏಳೇ" ಎನ್ನಲಿಲ್ಲ, "ಮಲಗೇ" ಎಂದೂ ಅನ್ನಲಿಲ್ಲ. ಮನೆಗೆ ಫೋನ್ ಮಾಡಿದಾಗ ಸ್ವಲ್ಪ ನೆಗಡಿ ಎಂದೆ. ಜ್ವರ ಎಂದಿದ್ದರೆ ದೊಡ್ಡಪ್ಪ ಮುಂದಿನ ವಿಮಾನ ಹತ್ತಿ ಬಂದುಬಿಡುತ್ತಿದ್ದರು.

ಕೆಲಸದಲ್ಲಿ ಇನ್ನೊಂದು ಪೇಚು. ನನ್ನ ಕೈ.

ನಾನಿರುವುದು ರಿಹ್ಯಾಬ್ ಸೆಂಟರಿನಲ್ಲಿ. ದೊಡ್ಡ ಹಾಲು, ಗೋಡೆಯುದ್ದ ಕನ್ನಡಿ, ಹಿಡಿದು ನಡೆಯಲು ಜೋಡಿ ಕಂಬಿಗಳು, ಹತ್ತಿ ಇಳಿದು ಅಭ್ಯಾಸ ಮಾಡಲು ಎಲ್ಲಿಗೂ ಹೋಗದ ನಾಲ್ಕು ಮೆಟ್ಟಿಲು. ನಾನು ಕೆಲಸ ಕಲಿತ ಆಸ್ಪತ್ರೆಯಲ್ಲಿ ಪೇಷಂಟ್ ಏಳುತ್ತಾರೆಂದರೆ ಮಗ ಒಂದು ರಟ್ಟೆ, ಸೊಸೆ ಒಂದು ರಟ್ಟೆ, ನಾನು ಬೆನ್ನು. ಹಿಡಿಯದೆ ನಿಂತರೆ ಬೈಸಿಕೊಳ್ಳುತ್ತಿದ್ದೆವು. ಇಲ್ಲಿ ಅದೇ ತಪ್ಪು. ಒಂದು ಕೈಯಳತೆಯಲ್ಲಿ ನಿಲ್ಲಬೇಕು, ನಿಜವಾಗಿ ಬೀಳುವವರೆಗೆ ಮುಟ್ಟಬಾರದು. ನನ್ನ ಕೈ ಕೇಳಬೇಕಲ್ಲ? ಮುದುಕರು ಯಾರಾದರೂ ಕುರ್ಚಿಯಿಂದ ಏಳಲು ತಿಣುಕಿದರೆ ಸಾಕು, ಕೈ ತಾನಾಗಿ ಹೋಗಿ ಅವರ ಕಂಕುಳಲ್ಲಿರುತ್ತಿತ್ತು.

"ಅವರು ಬೀಳ್ತಾ ಇದ್ರಾ?" ನಮ್ಮ ಸೀನಿಯರ್ ಕೇಳುತ್ತಿದ್ದರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು. ದನಿ ಏರಿಸದೆ ಬೈಯುವ ಜಾತಿ, ಅದು ಇನ್ನೂ ಕಷ್ಟ.

"ಇಲ್ಲ ಮೇಡಂ."

"ಮತ್ತೆ ಯಾಕೆ ಹಿಡಿದ್ರಿ?"

"ಕಷ್ಟಪಡ್ತಾ ಇದ್ರು."

"ಕಷ್ಟಪಡೋದೇ ಅವರ ಕೆಲಸ. ಅದನ್ನ ನೀವು ಮಾಡಿಬಿಟ್ರೆ ಮನೆಗೆ ಹೋದ ಮೇಲೆ ಯಾರು ಮಾಡ್ತಾರೆ?"

ಪ್ರೊಬೇಷನ್ ಮುಗಿಯುವ ಮುಂಚೆ ಮೇಡಂ ಒಂದು ಸಲ ಪಕ್ಕದಲ್ಲಿ ನಿಂತು ನನ್ನ ಕೆಲಸ ನೋಡುವುದಿತ್ತು. ನನಗೆ ಕೊಟ್ಟ ಪೇಷಂಟ್ ಒಬ್ಬ ರಿಟೈರ್ ಆದ ಬಸ್ ಡ್ರೈವರ್. ಅವರಿಗೂ ಸೊಂಟದ ಆಪರೇಷನ್ನೇ. ಹೊಸ ಪೇಷಂಟ್ ಬಂದಾಗ ಮೊದಲು ಒಂದು ಪ್ರಶ್ನೆ ಕೇಳಬೇಕೆಂದು ಮೇಡಂ ನಿಯಮ ಮಾಡಿದ್ದರು. ಎದ್ದು ಎಲ್ಲಿಗೆ ಹೋಗಬೇಕು? ಇದೆಂಥ ಪ್ರಶ್ನೆಯೋ ಎಂದು ನನಗೆ ನಗು. ಕೇಳಬೇಕಲ್ಲ ಎಂದು ಕೇಳಿದೆ.

"ಬಸ್ ಸ್ಟಾಪಿಗೆ" ಎಂದರು ಡ್ರೈವರ್.

"ಬಸ್ಸಲ್ಲಿ ಎಲ್ಲಿಗೆ ಹೋಗಬೇಕು?"

"ಹತ್ತೋಕಲ್ಲಮ್ಮ. ನನ್ನ ಜಾಗಕ್ಕೆ ಬಂದಿರೋನು ಸರಿಯಾದ ಟೈಮಿಗೆ ಬರ್ತಾನಾ ನೋಡೋಕೆ."

ತಲೆ ಕೆಟ್ಟಿದೆ ಎಂದುಕೊಂಡೆ. ಅವತ್ತು ಅವರು ಎದ್ದು ನಿಲ್ಲುವಾಗ ನನ್ನ ಕೈ ಮತ್ತೆ ಹೋಯಿತು, ಮೇಡಂ ಹಾಲಿನ ಆ ತುದಿಯಿಂದಲೇ ನೋಡಿದರು.

ಅಜ್ಜಿಯ ವಿಷಯ ಗೊತ್ತಾದ ಮೇಲೆ ದಿನವೂ ಊಟದ ಬಿಡುವಿನಲ್ಲಿ ಸ್ಟೋರ್ ರೂಮು ಸೇರುತ್ತಿದ್ದೆ. ಊರುಗೋಲು, ವಾಕರ್, ಗಾಲಿಕುರ್ಚಿ ಪೇರಿಸಿಟ್ಟ ಕೋಣೆ, ಅಲ್ಲಿ ಕೂಗಿದರೆ ಹೊರಗೆ ಕೇಳಿಸುವುದಿಲ್ಲ ಎಂದು ನನ್ನ ಲೆಕ್ಕ. ಊರಲ್ಲಿ ಆಗ ಇಳಿಹೊತ್ತು. ಫೋನನ್ನು ಕಪಾಟಿಗೆ ಒರಗಿಸಿ ನಿಂತುಬಿಡುತ್ತಿದ್ದೆ.

"ಅಜ್ಜಿ, ಎರಡೂ ಕೈ ಹಾಸಿಗೆ ಮೇಲೆ ಊರು. ಮುಂದಕ್ಕೆ ಬಾಗು. ಇನ್ನೂ ಬಾಗು. ಈಗ ಏಳು."

"ಅಯ್ಯಮ್ಮಾ!"

ಅಷ್ಟೇ ಸಾಕು. ದೊಡ್ಡಪ್ಪ ಒಂದು ಕಂಕುಳು, ಅಪ್ಪ ಇನ್ನೊಂದು ಕಂಕುಳು, ಅಮ್ಮ ಹಿಂದಿನಿಂದ ಸೊಂಟ. ಅಕ್ಕಿ ಮೂಟೆ ಎತ್ತಿದ ಹಾಗೆ ಅಜ್ಜಿಯನ್ನು ಎತ್ತಿ ಹಿಡಿದರು.

"ನೋಡು, ನಿಂತ್ರು!" ದೊಡ್ಡಪ್ಪ ಬೀಗಿದರು.

"ನಿಂತಿರೋದು ನೀವು ದೊಡ್ಡಪ್ಪ! ಅವಳ ಪಾದ ನೆಲಕ್ಕೇ ತಾಗಿಲ್ಲ!"

"ಮತ್ತೇನು ಬಿದ್ದು ಇನ್ನೊಂದು ಮೂಳೆ ಮುರ್ಕೊಳ್ಳಲಾ?"

"ಅಮ್ಮ ಒಬ್ಬಳು ಪಕ್ಕದಲ್ಲಿ ನಿಂತರೆ ಸಾಕು ಅಂದೆ. ಮಿಕ್ಕವರು ದೂರ ಹೋಗಿ. ಅಪ್ಪಾ, ಬಿಡಪ್ಪಾ ಅವಳನ್ನ!"

ಅಪ್ಪ ಮಾತಿನ ಮನುಷ್ಯರಲ್ಲ. ನನ್ನ ಕಡೆ ನೋಡಿದರು, ಅಣ್ಣನ ಕಡೆ ನೋಡಿದರು, ಅಣ್ಣ ಬಿಡಲಿಲ್ಲ, ಇವರೂ ಬಿಡಲಿಲ್ಲ. ಅಜ್ಜಿ ಮಧ್ಯದಲ್ಲಿ ಕಣ್ಣು ಮುಚ್ಚಿ ನೇತಾಡುತ್ತಿದ್ದಳು.

ಹೀಗೆ ಎರಡು ವಾರ. ನಾನು ಗದರಿದೆ, ಬೇಡಿಕೊಂಡೆ, ಬೆಣ್ಣೆ ಹಚ್ಚಿದೆ, ಆಣೆ ಹಾಕಿದೆ. ಜಪ್ಪಯ್ಯ ಎಂದರೂ ಒಬ್ಬರೂ ಜಗ್ಗಲಿಲ್ಲ. ನಾನು ಎದುರಿಗಿದ್ದಿದ್ದರೆ ಒಂದು ವಾರದ ಕೆಲಸ ಅದು. ಇಲ್ಲಿ ಅಂಗೈಯಗಲದ ಗಾಜಿನ ಮುಂದೆ ನಿಂತು ಗಂಟಲು ಹರಿದುಕೊಳ್ಳುವುದು, ಅವರು ಅದನ್ನು ಟೀವಿ ನೋಡಿದ ಹಾಗೆ ನೋಡಿ ತಮಗೆ ತೋಚಿದ್ದನ್ನು ಮಾಡುವುದು. ನನಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ಯಾವ ಕರ್ಮಕ್ಕೆ ಇಷ್ಟು ದೂರ ಬಂದೆನೋ, ಬಂದು ಕಂಡವರ ಅಜ್ಜಿಯರನ್ನೆಲ್ಲ ನಡೆಸುತ್ತಿದ್ದೇನೆ, ನನ್ನ ಅಜ್ಜಿ ಹಾಸಿಗೆಯಲ್ಲಿದ್ದಾಳೆ ಎಂದು ಊರುಗೋಲುಗಳ ಮುಂದೆ ಜೋರಾಗಿಯೇ ಹೇಳಿಕೊಂಡೆ.

"ಕೈ ಹಿಂದಕ್ಕೆ! ಎಲ್ಲರೂ ಕೈ ಹಿಂದಕ್ಕೆ ಕಟ್ಟಿ! ದೊಡ್ಡಪ್ಪ, ನಿಮಗೇ ಹೇಳ್ತಾ ಇರೋದು!" ಒಂದು ಮಧ್ಯಾಹ್ನ ಹೀಗೆ ಅರಚಿ, ಅವರೆಲ್ಲ ಅಜ್ಜಿಯನ್ನು ಮತ್ತೆ ಮಲಗಿಸಿದ ಮೇಲೆ ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಮೇಡಂ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಭಾಷೆ ತಿಳಿಯದಿದ್ದರೂ ನಾಟಕ ತಿಳಿಯುವಷ್ಟು ನೋಡಿದ್ದರು.

"ಯಾರು?"

"ನಮ್ಮ ಅಜ್ಜಿ. ಸೊಂಟದ ಆಪರೇಷನ್ ಆಗಿದೆ. ಮನೆಯವರು ಏಳೋಕೇ ಬಿಡ್ತಿಲ್ಲ. ಮೂರು ಜನ ಸೇರಿ ಎತ್ತಿ ನಿಲ್ಲಿಸ್ತಾರೆ."

ನನ್ನ ಬಾಯಿಂದ ಬಂದ ಈ ದೂರು ನನ್ನ ಕಿವಿಗೇ ಹೇಗೆ ಕೇಳಿಸಿತೆಂದರೆ, ಅವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ.

"ಎದ್ದು ಎಲ್ಲಿಗೆ ಹೋಗಬೇಕಂತೆ ಅವರಿಗೆ?"

"ಯಾರಿಗೆ?"

"ನಿಮ್ಮ ಅಜ್ಜಿಗೆ."

ನಾನು ಕೇಳಿರಲಿಲ್ಲ. ಮೇಡಂ ಒಂದು ವಾಕರ್ ಎಳೆದುಕೊಂಡರು, ಊಟದ ಬಿಡುವು ಮುಗಿದಿದೆ ಎಂದು ಹೇಳಿ ಹೊರಟುಹೋದರು.

ಮರುದಿನ ಅಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದೆ, ಫೋನನ್ನು ಅಜ್ಜಿಯ ದಿಂಬಿಗೆ ಒರಗಿಸಿ ಎಲ್ಲರೂ ಹೊರಗೆ ಹೋಗಬೇಕು, ಬಾಗಿಲು ಹಾಕಬೇಕು. ದೊಡ್ಡಪ್ಪನಿಗೆ ಅಸಮಾಧಾನ. ಒಬ್ಬರನ್ನೇ ಬಿಡೋದಾ ಎಂದು ಗೊಣಗುತ್ತ ಹೋದದ್ದು ಕೇಳಿಸಿತು. ಅಜ್ಜಿಯ ಅರ್ಧ ಮುಖವೂ ಮೇಲಿನ ಫ್ಯಾನೂ ಕಾಣುತ್ತಿದ್ದವು.

"ಬಾಗಿಲು ಹಾಕಿದ್ಳಾ ನಿಮ್ಮಮ್ಮ?" ಎಂದಳು.

"ಹಾಕಿದ್ಳು. ಅಜ್ಜಿ, ನಿಜ ಹೇಳು. ಅಷ್ಟೊಂದು ನೋವಾ?"

"ನೋವಿದೆ. ಆ ಅಯ್ಯಮ್ಮಾ ಅನ್ನೋದು ಸ್ವಲ್ಪ ಜಾಸ್ತಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಏನಂದೆ?"

"ಕೂಗಬೇಡ ಕಣೇ. ಎದ್ದರೆ ಏನಾಗುತ್ತೆ ಹೇಳು? ಬೆಳಗಾಗೋ ಮುಂಚೆ ಮತ್ತೆ ಒಲೆ ಮುಂದೆ. ನಿಮ್ಮ ದೊಡ್ಡಪ್ಪನಿಗೆ ಬಿಸಿನೀರು, ನಿಮ್ಮಪ್ಪನಿಗೆ ಡಬ್ಬಿ, ನಿಮ್ಮಮ್ಮ ಸ್ಕೂಲಿಗೆ ಓಡ್ತಾಳೆ, ಅವಳಿಗೆ ತಿಂಡಿ. ಈ ಮನೆಗೆ ಬಂದ ಮೇಲೆ ನಾನು ಹಾಸಿಗೆ ಮೇಲೆ ಕೂತು ಕಾಫಿ ಕುಡಿದದ್ದು ಬಿದ್ದ ಮೇಲೇ ಕಣೇ."

"ನಾಟಕ ಆಡ್ತಿದ್ದೀಯಾ ನೀನು? ನಾನಿಲ್ಲಿ ಊಟ ಬಿಟ್ಟು, ಗಂಟಲು ಕಿತ್ಕೊಂಡು, ಕೆಲಸ ಹೋಗೋ ಹಾಗಿದೆ ನಂದು, ನೀನು ಅಲ್ಲಿ ಕಾಫಿ ಕುಡೀತಾ..."

"ಆಯ್ತು, ಬೈದುಬಿಡು. ಬೈದು ಮುಗಿದ ಮೇಲೆ ಹೇಳು."

ಬೈದೆ. ಚೆನ್ನಾಗಿಯೇ ಬೈದೆ. ಇನ್ನೊಂದಿಷ್ಟು ದಿನ ಹೀಗೆ ಮಲಗಿದರೆ ಬೇಕು ಎಂದರೂ ಏಳಲಾಗುವುದಿಲ್ಲ, ಬೆನ್ನಲ್ಲಿ ಹುಣ್ಣಾಗುತ್ತದೆ, ಬಚ್ಚಲಿಗೂ ಯಾರಾದರೂ ಎತ್ತಿಕೊಂಡೇ ಹೋಗಬೇಕಾಗುತ್ತದೆ ಎಂದೆ. ಹೆದರಿಸಬೇಕೆಂದೇ ಹೇಳಿದೆ.

"ಗೊತ್ತು" ಎಂದಳು.

ಆ ಗೊತ್ತು ಎನ್ನುವ ಮಾತಿಗೆ ಹೆದರಿದ್ದು ನಾನು. ಆಗ, ಮೇಡಂ ಮೇಲಿನ ಸಿಟ್ಟಿನಲ್ಲೋ ಏನೋ, ಅವರ ಪ್ರಶ್ನೆಯನ್ನು ಅವರ ಹಾಗೆಯೇ ಕೇಳಿದೆ. "ಅಡುಗೆಮನೆ ಬಿಡು. ಎದ್ದು ಎಲ್ಲಿಗೆ ಹೋಗಬೇಕು ನಿನಗೆ?"

ಅವಳು ಬಾಗಿಲ ಕಡೆ ಕತ್ತು ಹೊರಳಿಸಿ ನೋಡಿದಳು.

"ಹೊರಗಿನ ಮೆಟ್ಟಿಲಿಗೆ."

"ನಮ್ಮ ಮನೆ ಮೆಟ್ಟಿಲಿಗಾ? ಅಲ್ಲಿ ಏನಿದೆ?"

"ಏನಿಲ್ಲ. ಸಂಜೆ ಹೊತ್ತು ಸುಮ್ನೆ ಕೂತ್ಕೋಬೇಕು, ಬೀದಿ ನೋಡ್ಕೊಂಡು. ನಾನು ಅಲ್ಲಿ ಕೂತ ತಕ್ಷಣ ಒಳಗಿಂದ ಯಾರಾದರೂ ಕರೀತಾರೆ. ಅಮ್ಮಾ ಟವಲ್ ಎಲ್ಲಿ, ಅತ್ತೇ ಹಾಲು ಉಕ್ತಾ ಇದೆ, ಅಜ್ಜೀ ನನ್ನ ಬಾಚಣಿಗೆ. ಯಾರೂ ಕರೀಬಾರದು. ಅಷ್ಟೇ."

"ಅಷ್ಟೇನಾ?"

"ಅಷ್ಟೇನಾ ಅಂತೀಯಲ್ಲೇ ಮೆಣಸಿನಕಾಯಿ. ನೀನು ಅಷ್ಟು ದೂರ ಹೋಗಿದ್ದು ಮತ್ತೆ ಯಾತಕ್ಕೆ?"

ಬಾಚಣಿಗೆ ಕೇಳುತ್ತಿದ್ದವಳು ನಾನೇ. ಇಪ್ಪತ್ತೈದು ದಾಟಿದ ಮೇಲೂ ಕೇಳುತ್ತಿದ್ದೆ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅಜ್ಜಿಯೇ ಮುಂದಿನ ಮಾತು ತೆಗೆದಳು. ಅವಳದ್ದು ಒಂದು ಕರಾರಿತ್ತು. ತಾನು ಎದ್ದು ನಡೆಯುತ್ತಾಳೆ, ಆದರೆ ಇನ್ನು ಮುಂದೆ ಒಲೆ ಮುಂದೆ ನಿಲ್ಲಲೇಬಾರದು ಎಂದು ನಾನು ಮನೆಯವರಿಗೆ ಹೇಳಬೇಕು. ಓದಿದವಳು, ಫಾರಿನ್ನಿನಲ್ಲಿರುವವಳು, ನೀನು ಹೇಳಿದರೆ ನಂಬುತ್ತಾರೆ ಎಂದಳು. ನನಗೆ ಸುಳ್ಳು ಹೇಳಿದರೆಂದು ಎರಡು ವಾರದಿಂದ ಮನೆಯನ್ನೆಲ್ಲ ತಲೆಕೆಳಗು ಮಾಡುತ್ತಿದ್ದವಳು ನಾನು. ಅವತ್ತೇ ಸಂಜೆ ಎಲ್ಲರನ್ನೂ ಫೋನಿನ ಮುಂದೆ ಕೂರಿಸಿಕೊಂಡು, ಸೊಂಟದ ಕೀಲು, ಒಲೆಯ ಶಾಖ, ತುಂಬಾ ಹೊತ್ತು ನಿಲ್ಲುವ ಅಪಾಯ ಎಂದು ಬಾಯಿಗೆ ಬಂದ ಕಾಗೆಯನ್ನೆಲ್ಲ ಹಾರಿಸಿದೆ. ನಡೆಯಬೇಕು, ಅಡುಗೆ ಮಾತ್ರ ಮಾಡಲೇಬಾರದು.

"ಹಾಗಾದ್ರೆ ಅಡುಗೆ?" ದೊಡ್ಡಪ್ಪನ ಮುಖ ಸಪ್ಪಗಾಯಿತು.

"ಅವಳನ್ನ ಎತ್ತೋಕೆ ಅಷ್ಟು ಹುಮ್ಮಸ್ಸು ತೋರಿಸ್ತೀರಲ್ಲ, ಆ ರಟ್ಟೆಯಲ್ಲಿ ಕುಕ್ಕರ್ ಎತ್ತಿ."

ಅಮ್ಮ ಫೋನ್ ಹಿಡಿದುಕೊಂಡು ವರಾಂಡಕ್ಕೆ ಬಂದಳು. ಅಜ್ಜಿ ಮಲಗಿದಾಗಿನಿಂದ ಸ್ಕೂಲು, ಅಡುಗೆ, ಹಾಸಿಗೆ ಮೂರನ್ನೂ ಎಳೆಯುತ್ತಿದ್ದವಳು ಅವಳು. ಕಣ್ಣ ಕೆಳಗೆ ಕಪ್ಪಾಗಿತ್ತು, ನಾನು ಅದುವರೆಗೆ ನೋಡಿರಲಿಲ್ಲ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಕೇಳಿದಳು.

"ನನ್ನ ಮಂಡಿಗೂ ಹಾಗೇ ಏನಾದ್ರೂ ಹೇಳೋಕಾಗುತ್ತಾ ನೋಡೇ."

ಅಂತೂ ದೊಡ್ಡಪ್ಪ ಅನ್ನಕ್ಕಿಡಲು ಕಲಿತರು. ಮೊದಲ ದಿನ ತಳ ಹಿಡಿಯಿತು, ಎರಡನೇ ದಿನ ಗಂಜಿಯಾಯಿತು. ಅವರು ಒಲೆಯ ಕಡೆ ಗಮನ ಕೊಟ್ಟದ್ದರಿಂದ ಅಜ್ಜಿಯ ಕಂಕುಳು ಖಾಲಿ ಸಿಕ್ಕಿತು. ವಾಕರಿನ ಪ್ಲಾಸ್ಟಿಕ್ ಬಿಚ್ಚಿದರು. ಅಮ್ಮ ಕೈಕಟ್ಟಿ ಪಕ್ಕದಲ್ಲಿ ನಿಂತಳು, ಅಜ್ಜಿ ಹಾಸಿಗೆಯ ಅಂಚಿನಿಂದ ತಾನಾಗಿ ಎದ್ದಳು, ಅಯ್ಯಮ್ಮಾ ಎನ್ನದೆ ಎದ್ದಳು. ಕಾಲು ನಡುಗುತ್ತಿದ್ದುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಮೂರು ವಾರ ಮಲಗಿ, ಮೇಲೆ ಎರಡು ವಾರ ನೇತಾಡಿದ ಕಾಲು ಅದು, ಒಂದೇ ದಿನದಲ್ಲಿ ಬರುತ್ತದೆಯೇ? ಕೋಣೆಯ ಹೊಸ್ತಿಲು ಮುಟ್ಟಲೇ ಅವಳಿಗೆ ವಾರ ಹಿಡಿಯಿತು, ನಡುಮನೆಯ ಅರ್ಧದಲ್ಲಿ ಸುಸ್ತಾಗಿ ಕುರ್ಚಿ ತರಿಸಿ ಕೂತ ದಿನಗಳೇ ಹೆಚ್ಚು.

ಈ ನಡುವೆ ಮೇಡಂ ನನ್ನ ಕೆಲಸ ನೋಡುವ ದಿನ ಬಂತು. ಡ್ರೈವರ್ ಹಾಲಿನಿಂದ ಮುಂಬಾಗಿಲವರೆಗೆ ನಡೆಯಬೇಕಿತ್ತು, ಅಲ್ಲಿಂದ ಬಸ್ ಸ್ಟಾಪ್ ಕಾಣುತ್ತದೆ. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬೆರಳು ಹೆಣೆದುಬಿಟ್ಟೆ. ಅರ್ಧದಲ್ಲಿ ಅವರು ತೂರಾಡಿದರು. ಉಗುರು ಚರ್ಮಕ್ಕೆ ಇಳಿಯುವಷ್ಟು ಗಟ್ಟಿಯಾಗಿ ನನ್ನ ಕೈಯನ್ನು ನಾನೇ ಹಿಡಿದುಕೊಂಡೆ. ಅವರು ಸಾವರಿಸಿಕೊಂಡು ಬಾಗಿಲು ಮುಟ್ಟಿದರು, ರಸ್ತೆಯ ಕಡೆ ಕತ್ತು ಚಾಚಿದರು, ಬಂದ ಬಸ್ಸನ್ನು ನೋಡಿ "ತಡ. ನನ್ನ ಕಾಲದಲ್ಲಿ ಹೀಗಿರಲಿಲ್ಲ" ಎಂದು ಸಂತೋಷದಿಂದ ಬೈದರು.

ಪಾಸಾದೆ ಎಂದುಕೊಂಡು ಮೇಡಂ ಮುಖ ನೋಡಿದೆ.

"ಪ್ರೊಬೇಷನ್ ಇನ್ನೂ ಮೂರು ತಿಂಗಳು ಇರಲಿ" ಎಂದರು.

"ಯಾಕೆ ಮೇಡಂ? ನಾನು ಮುಟ್ಟಲೇ ಇಲ್ಲವಲ್ಲ!"

"ಕೈ ಸುಮ್ಮನಿತ್ತು. ಬಾಯಿ ಒಂದು ನಿಮಿಷ ಸುಮ್ಮನಿರಲಿಲ್ಲ. ಕಾಲಿಡಿ, ಹುಷಾರು, ನೋಡ್ಕೊಂಡು, ನಿಧಾನ, ಹಾಗೇ ಹಾಗೇ... ಅವರಿಗೆ ಅವರ ಕಾಲಿನ ಸದ್ದೇ ಕೇಳಿಸ್ಲಿಲ್ಲ."

ಹಲ್ಲು ಕಚ್ಚಿಕೊಂಡು ಥ್ಯಾಂಕ್ಸ್ ಹೇಳಿ ಬಚ್ಚಲಿಗೆ ಹೋಗಿ ಗೋಡೆಗೆ ಒದ್ದೆ. ಕಾಲು ನೋಯಿತು. ಇನ್ನೂ ಮೂರು ತಿಂಗಳು ರಜೆಯಿಲ್ಲ, ಇನ್ನೂ ಮೂರು ತಿಂಗಳು ಊರಿಲ್ಲ. ಈ ಹೆಂಗಸನ್ನು ಏನು ಮಾಡಿದರೆ ಸಮಾಧಾನವಾಗುತ್ತದೋ ದೇವರಿಗೇ ಗೊತ್ತು ಎಂದು ಬೈದುಕೊಳ್ಳುತ್ತಲೇ, ಊಟದ ಹೊತ್ತಾಗಿದ್ದರಿಂದ ಸ್ಟೋರ್ ರೂಮಿಗೆ ಹೋಗಿ ಫೋನ್ ಹಚ್ಚಿದೆ.

ಅಜ್ಜಿ ಆಗಲೇ ವಾಕರ್ ಹಿಡಿದು ಎದ್ದು ನಿಂತಿದ್ದಳು. ಸೀರೆ ಬದಲಿಸಿದ್ದಳು, ತಲೆ ಬಾಚಿದ್ದಳು. ಅಮ್ಮ ಫೋನ್ ಹಿಡಿದು ಹಿಂದೆ ಹಿಂದೆ ಬರುತ್ತಿದ್ದಳು. ನಡುಮನೆಯ ಅರ್ಧ ಬಂತು, ಅಜ್ಜಿ ಕುರ್ಚಿ ಕೇಳಲಿಲ್ಲ. ಮುಂದೆ ನಡೆದಳು.

ನೋಡ್ಕೊಂಡು ಎನ್ನಲು ಬಾಯಿ ತೆರೆದೆ. ಮೇಡಂ ಮುಖ ನೆನಪಾಯಿತು. ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ. ಅಡುಗೆಮನೆಯ ಬಾಗಿಲಲ್ಲಿ ದೊಡ್ಡಪ್ಪ ಸೌಟು ಹಿಡಿದು ಬಂದು ನಿಂತರು. ಅಜ್ಜಿ ಮುಂಬಾಗಿಲ ಹೊಸ್ತಿಲು ದಾಟಲು ವಾಕರ್ ಎತ್ತಿದಾಗ ಒಂದು ಕ್ಷಣ ವಾಲಿದಳು. ದೊಡ್ಡಪ್ಪ ಮುಂದೆ ನುಗ್ಗಿ ಬಂದವರು ಫೋನಿನ ಕಡೆ ನೋಡಿದರು. ನಾನು ಏನೂ ಹೇಳಲಿಲ್ಲ. ಅವರು ಸೌಟನ್ನು ಎರಡೂ ಕೈಯಲ್ಲಿ ಬೆನ್ನ ಹಿಂದೆ ಹಿಡಿದುಕೊಂಡು, ತುಟಿ ಕಚ್ಚಿ, ಅಲ್ಲೇ ನಿಂತರು. ಅವರ ಕಣ್ಣಲ್ಲಿ ನೀರು ತುಂಬಿತ್ತು.

ವಾಕರಿನ ಕಾಲು ನೆಲಕ್ಕೆ ತಾಗುವ ಟಕ್ ಟಕ್ ಸದ್ದು ನನಗೆ ಕೇಳಿಸಿತು. ಅಜ್ಜಿ ಹೊಸ್ತಿಲು ದಾಟಿದಳು. ಬೆನ್ನು ತಿರುಗಿಸಿ, ಅಮ್ಮ ಅಲ್ಲಿ ಇಟ್ಟಿದ್ದ ಎತ್ತರದ ಮಣೆಯನ್ನು ಕೈಯಿಂದ ತಡವಿ, ಮೇಲಿನ ಮೆಟ್ಟಿಲಲ್ಲಿ ಅದರ ಮೇಲೆ ಕೂತಳು. ಉಸಿರು ಏರಿಳಿಯುತ್ತಿತ್ತು. ಅಮ್ಮನಿಂದ ಫೋನ್ ಇಸಿದುಕೊಂಡು ನೀನು ಒಳಗೆ ಹೋಗು ಎಂದಳು. ಅಮ್ಮ ಹೋದಳು. ಫೋನ್ ಅಜ್ಜಿಯ ಮಡಿಲಲ್ಲಿ ಮಲಗಿತ್ತು, ನನಗೆ ಕಂಡದ್ದು ಆಕಾಶ ಮತ್ತು ಅವಳ ಗಲ್ಲ. ಬೀದಿಯಲ್ಲಿ ಯಾವುದೋ ಸ್ಕೂಟರ್ ಹೋಯಿತು, ಮಕ್ಕಳು ಕೂಗಾಡಿದರು.

ಒಳಗಿನಿಂದ ದೊಡ್ಡಪ್ಪನ ದನಿ ಬಂತು. "ಅಮ್ಮಾ, ಉಪ್ಪು ಎಲ್ಲಿ..." ಯಾರೋ ಅವರ ಬಾಯಿ ಮುಚ್ಚಿಸಿದರು.

ನನಗೆ ಹೇಳಬೇಕಾದದ್ದು ಗಂಟಲವರೆಗೆ ತುಂಬಿತ್ತು. ಶಾಬಾಸ್ ಎನ್ನಬೇಕಿತ್ತು. ನನಗೆ ಜ್ವರ ಬಂದಿತ್ತು ಅಜ್ಜಿ, ನೆಗಡಿಯಲ್ಲ, ಎನ್ನಬೇಕಿತ್ತು. ಇನ್ನೂ ಮೂರು ತಿಂಗಳು ಬರಲಾಗುವುದಿಲ್ಲ ಎನ್ನಬೇಕಿತ್ತು. ಬಾಯಿ ಬಿಡಲಿಲ್ಲ.

ತುಂಬಾ ಹೊತ್ತಿನ ಮೇಲೆ ಅಜ್ಜಿ ಬಗ್ಗಿ ನೋಡಿದಳು.

"ಇದ್ದೀಯೇನೇ?"

"ಇದ್ದೀನಿ ಅಜ್ಜಿ."

"ಸರಿ. ಈಗ ಫೋನ್ ಇಡು."